ಸ್ಲ್ಯಾಬಿನ ಸರಳಿಗೆ ತುಕ್ಕು: ಬ್ಯಾಕ್ಟೀರಿಯಾ ಪುಡಿ ಹಾಕಿಸೋಣವೇ, ಫೈಬರ್ ಸರಳು ಕಟ್ಟಿಸೋಣವೇ?

ಮಾಹಿಮ್ ಮೂರನೇ ಮಹಡಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿಯ ಜಗಳ ಒಂದನ್ನು ಇಲ್ಲಿಗೆ ತಂದಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಮುಂಬೈಯ ಮಾಹಿಮ್‌ನಲ್ಲಿ 1984ರಲ್ಲಿ ಕಟ್ಟಿದ ನಾಲ್ಕು ಮಹಡಿಯ ಕಟ್ಟಡ. ನಡೆದರೆ ಆರು ನಿಮಿಷದಲ್ಲಿ ಸಮುದ್ರ. ಹೋದ ವಾರ ಪಕ್ಕದ ಮನೆಯ ಅಡುಗೆಮನೆಯಲ್ಲಿ ಮೇಲಿನಿಂದ ದೋಸೆಕಲ್ಲಿನಷ್ಟು ಅಗಲದ ಚಕ್ಕೆ ಬಿತ್ತು. ಪುಣ್ಯಕ್ಕೆ ಒಲೆ ಮುಂದೆ ಯಾರೂ ಇರಲಿಲ್ಲ. ತಲೆ ಎತ್ತಿ ನೋಡಿದರೆ ಸರಳು ಪದರ ಪದರವಾಗಿ ಎದ್ದಿದೆ. ಉಗುರಿನಿಂದ ಕೆರೆದರೆ ಉದುರುತ್ತದೆ.

ಕಮಿಟಿಯವರು ಮೂರು ಕೊಟೇಶನ್ ತರಿಸಿದರು. ಮೊದಲನೆಯವರು ಎಂದಿನ ಹಾಗೆ ಕೆತ್ತಿ, ತುಕ್ಕು ತೆಗೆದು, ಪಾಲಿಮರ್ ಗಾರೆ ಮೆತ್ತುತ್ತಾರಂತೆ. ಎರಡನೆಯವರು ಕೆಟ್ಟ ಕಡೆಯೆಲ್ಲ ಎಪಾಕ್ಸಿ, ಅಂದರೆ ರಾಳದ ಲೇಪ, ಬಳಿದ ಹೊಸ ಸರಳು ಕಟ್ಟುತ್ತಾರಂತೆ. ಮೂರನೆಯವರು ಸೂಟು ಹಾಕಿಕೊಂಡು ಬಂದಿದ್ದರು, ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತೋರಿಸಿದರು. ತುಕ್ಕೇ ಹಿಡಿಯದ ಗ್ಲಾಸ್ ಫೈಬರ್ ಸರಳು, ಜೊತೆಗೆ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಬ್ಯಾಕ್ಟೀರಿಯಾ ಪುಡಿ. ರೇಟು ಮೊದಲನೆಯವರ ಎರಡೂವರೆ ಪಟ್ಟು. ಐವತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಅಂದರು.

ಚೇರ್ಮನ್ ಮೂರನೆಯದಕ್ಕೆ ಮರುಳಾಗಿದ್ದಾರೆ. ನಮ್ಮ ಯಜಮಾನರು ಅಗ್ಗದ್ದೇ ಸಾಕು ಅನ್ನುತ್ತಾರೆ. ನಾನು ಖಜಾಂಚಿ, ಚೆಕ್ಕಿಗೆ ಸಹಿ ಹಾಕುವವಳು. ಈ ಹೊಸ ವಸ್ತುಗಳಲ್ಲಿ ನಿಜ ಎಷ್ಟು, ಬರೀ ಮಾತು ಎಷ್ಟು? ಗೊತ್ತಿದ್ದವರು ಹೇಳಿ.

ಡೊಂಬಿವಲಿ ಫಾಸ್ಟ್:
ಅಕ್ಕ, ಬ್ಯಾಕ್ಟೀರಿಯಾಗೂ ಮೇಂಟೆನೆನ್ಸ್ ಬಿಲ್ ಕಳಿಸ್ತೀರಾ? ಅದೂ ಅಲ್ಲೇ ಸಂಸಾರ ಹೂಡುತ್ತೆ ಅಲ್ವಾ.

ಮಾಟುಂಗಾದ ಹಳೇ ಕೆಮಿಸ್ಟ್:
ಮೂವತ್ತು ವರ್ಷ ಪೇಂಟ್ ಲ್ಯಾಬಿನಲ್ಲಿ ದುಡಿದವನು ನಾನು. ಔಷಧಿ ಆಮೇಲೆ ನೋಡೋಣ, ಮೊದಲು ರೋಗ ಏನು ಅಂತ ಹೇಳುತ್ತೇನಮ್ಮ.

ಒಳ್ಳೆಯ ಕಾಂಕ್ರೀಟಿನ ಒಳಗೆ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಬಣ್ಣ ಬಳಿದಿರುತ್ತಾರೆ ಅಂತಲ್ಲ. ಸಿಮೆಂಟು ಗಟ್ಟಿಯಾಗುವಾಗ ಸುಣ್ಣ ಹುಟ್ಟುತ್ತದೆ, ಕಾಂಕ್ರೀಟಿನ ಒಳಗೆ ಪಿಎಚ್ 12.5, 13ರ ಹತ್ತಿರ ಇರುತ್ತದೆ. ಅಷ್ಟು ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ಒಂದು ಆಕ್ಸೈಡ್ ಪೊರೆ ಕೂರುತ್ತದೆ. ಅದು ಇರುವ ತನಕ ಸರಳು ಸುರಕ್ಷಿತ.

ಈ ಪೊರೆಗೆ ಇಬ್ಬರು ಕಳ್ಳರು. ಒಬ್ಬ ಗಾಳಿಯ ಕಾರ್ಬನ್ ಡೈಆಕ್ಸೈಡ್. ಸುಣ್ಣದ ಜೊತೆ ಸೇರಿ ಅದನ್ನು ಸೀಮೆಸುಣ್ಣದ ಜಾತಿಗೆ ಸೇರಿಸಿಬಿಡುತ್ತಾನೆ. ಪಿಎಚ್ 9ಕ್ಕಿಂತ ಕೆಳಗೆ ಬಂತು ಅಂದರೆ ಪೊರೆ ಹೋಯಿತು. ಇವನು ಹೊರಗಿನಿಂದ ನಿಧಾನವಾಗಿ ಬರುತ್ತಾನೆ, ಬರುತ್ತಾ ಬರುತ್ತಾ ಇನ್ನೂ ನಿಧಾನವಾಗುತ್ತಾನೆ. ಹತ್ತು ವರ್ಷಕ್ಕೆ 10 ಮಿಲಿಮೀಟರ್ ಒಳಗೆ ಬಂದಿದ್ದರೆ, 20 ಮುಟ್ಟಲು ನಲವತ್ತು ವರ್ಷ ಬೇಕು. ನಿಮ್ಮ ಕಟ್ಟಡದ ವಯಸ್ಸು ನೋಡಿಕೊಳ್ಳಿ.

ಇನ್ನೊಬ್ಬ ಉಪ್ಪು, ಅಂದರೆ ಕ್ಲೋರೈಡ್. ಸಮುದ್ರದ ಗಾಳಿಯಲ್ಲಿ ಬರುತ್ತಾನೆ. ಕಟ್ಟುವಾಗಲೇ ಉಪ್ಪುಮರಳು ಹಾಕಿದ್ದರೆ ಹುಟ್ಟಿದಾಗಿನಿಂದಲೇ ಒಳಗೆ ಕೂತಿರುತ್ತಾನೆ. ಇವನಿಗೆ ಪಿಎಚ್ ಇಳಿಯುವ ತನಕ ಕಾಯುವ ತಾಳ್ಮೆ ಇಲ್ಲ. ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಗುಂಡಿ ಕೊರೆಯುತ್ತಾನೆ. ಹೊರಗೆ ಬಿರುಕು ಕಾಣುವ ಮೊದಲೇ ಸರಳು ಒಂದು ಕಡೆ ಅರ್ಧ ಕರಗಿರಬಹುದು.

ತುಕ್ಕು ತಿಂದ ಕಬ್ಬಿಣ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ನಿಮ್ಮ ಪಕ್ಕದ ಮನೆಯ ಚಕ್ಕೆಯನ್ನು ಒಳಗಿಂದ ದಬ್ಬಿದ್ದು ಅದೇ. ಈಗ ಹೇಳಿ, ನಿಮ್ಮ ಮನೆಗೆ ಬಂದ ಕಳ್ಳ ಯಾರು? ಮೂರೂ ಕೊಟೇಶನ್ನಿನಲ್ಲಿ ಅದರ ಸುದ್ದಿ ಇದೆಯೇ?

ಮಾಹಿಮ್ ಮೂರನೇ ಮಹಡಿ:
ಇಲ್ಲ ಸರ್. ಮೂವರೂ ಮೇಲೆ ನೋಡಿ, ಸುತ್ತಿಗೆಯಿಂದ ಟಕ್ ಟಕ್ ಮಾಡಿ, ಚದರಡಿ ಅಳೆದು ಹೋದರು.

ಠಾಣೆ ಸಿವಿಲ್:
ಕೆಮಿಸ್ಟ್ ಸರ್ ಸರಿಯಾದ ಕಡೆಯೇ ಕೈ ಇಟ್ಟರು. ನಾನು ಸ್ಟ್ರಕ್ಚರಲ್ ಆಡಿಟ್ ಮಾಡುವವನು, ಹುಬ್ಬಳ್ಳಿ ಕಡೆಯವನು. ಅಕ್ಕ, ಕೊಟೇಶನ್ ಮೂರನ್ನೂ ಡ್ರಾಯರಿನಲ್ಲಿ ಇಡಿ. ಕೆಲಸ ಮಾಡುವವರೇ ಪರೀಕ್ಷೆಯನ್ನೂ ಮಾಡಬಾರದು. ಬೇರೆಯವರಿಂದ ಆಡಿಟ್ ಮಾಡಿಸಿ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಮುಂಬೈಯಲ್ಲಿ ಅದು ಹೇಗೂ ಕಡ್ಡಾಯ.

ಹ್ಯಾಮರ್ ಟೆಸ್ಟ್, ಅಲ್ಟ್ರಾಸೌಂಡ್ ಎಲ್ಲರೂ ಮಾಡುತ್ತಾರೆ. ಅವು ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ಹೇಳುತ್ತವೆ, ತುಕ್ಕಿನ ಕಾರಣ ಹೇಳುವುದಿಲ್ಲ. ನೀವು ಬಾಯಿ ಬಿಟ್ಟು ಕೇಳಬೇಕಾದದ್ದು ಬೇರೆ ಮೂರು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫೀನಾಲ್ಫ್ತಲೀನ್ ಸಿಂಪಡಿಸುವುದು. ಗುಲಾಬಿ ಬಂದರೆ ಕ್ಷಾರ ಉಳಿದಿದೆ, ಬಣ್ಣ ಬರದಿದ್ದರೆ ಮೊದಲನೇ ಕಳ್ಳ ಬಂದು ಹೋಗಿದ್ದಾನೆ. ಇದಕ್ಕೆ ಖರ್ಚೇ ಇಲ್ಲ, ಆದರೂ ಮಾಡುವುದಿಲ್ಲ, ಅದೇ ಸಿಟ್ಟು. ಎರಡನೆಯದು, ಡ್ರಿಲ್ ಮಾಡಿ ಬೇರೆ ಬೇರೆ ಆಳದ ಪುಡಿ ತೆಗೆದು ಲ್ಯಾಬಿನಲ್ಲಿ ಕ್ಲೋರೈಡ್ ನೋಡುವುದು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸರಳು ಇರುವ ಹೊಸ ಕಾಂಕ್ರೀಟಿನಲ್ಲಿ ಘನ ಮೀಟರಿಗೆ 0.6 ಕೆಜಿ ದಾಟಬಾರದು. ಮೂರನೆಯದು ಹಾಫ್ ಸೆಲ್. ತಾಮ್ರ ಮತ್ತು ಮೈಲುತುತ್ತದ ಒಂದು ಕೊಳವೆ ಇಟ್ಟು ಸರಳಿನ ವೋಲ್ಟೇಜ್ ಅಳೆಯುತ್ತಾರೆ. ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಹೋದರೆ ಅಲ್ಲಿ ತುಕ್ಕು ನಡೆಯುತ್ತಿದೆ ಅಂತ ಹೆಚ್ಚುಕಡಿಮೆ ಖಚಿತ. ಇನ್ನೂ ಉದುರದ ಕಡೆಯೂ ಗೊತ್ತಾಗುತ್ತದೆ.

ಡೊಂಬಿವಲಿ ಫಾಸ್ಟ್:
ಫೀನಾಲ್ಫ್ತಲೀನ್ ಅಂದರೆ ಊರಲ್ಲಿ ಲೋಕಾಯುಕ್ತದವರು ಲಂಚದ ನೋಟಿಗೆ ಹಚ್ಚೋ ಪುಡಿ ತಾನೆ? ಕೈ ತೊಳೆಸಿದರೆ ನೀರು ಗುಲಾಬಿ ಆಗೋದು?

ಮಾಟುಂಗಾದ ಹಳೇ ಕೆಮಿಸ್ಟ್:
ಅದೇ. ಅಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಕೈ ಅದ್ದಿಸುತ್ತಾರೆ, ಇಲ್ಲಿ ಕಾಂಕ್ರೀಟೇ ಸೋಡಾ. ಒಂದೇ ವ್ಯತ್ಯಾಸ, ಇಲ್ಲಿ ಗುಲಾಬಿ ಬಂದರೆ ನಿರ್ದೋಷಿ.

ಪುಣೆ ಪಿಎಚ್‌ಡಿ:
ಹಿರಿಯರು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಬ್ಯಾಕ್ಟೀರಿಯಾ ಅಂದ ಕೂಡಲೇ ನಗುವುದು ಬೇಡ. ಅದು ಮಂತ್ರ ಅಲ್ಲ, ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಹೆಂಕ್ ಜೋಂಕರ್ಸ್ ವರ್ಷಾನುಗಟ್ಟಲೆ ಮಾಡಿದ ಕೆಲಸ. ಬ್ಯಾಸಿಲಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಕ್ಷಾರದಲ್ಲೂ ಬೀಜದ ಹಾಗೆ ಮಲಗಿ ವರ್ಷಗಟ್ಟಲೆ ಬದುಕುತ್ತವೆ. ಅವನ್ನು ಕ್ಯಾಲ್ಸಿಯಂ ಲ್ಯಾಕ್ಟೇಟ್ ಜೊತೆ ಸಣ್ಣ ಉಂಡೆ ಕಟ್ಟಿ ಕಾಂಕ್ರೀಟಿಗೆ ಬೆರೆಸುತ್ತಾರೆ. ಬಿರುಕು ಬಿಟ್ಟು ನೀರು ಒಳಗೆ ಹೋದಾಗ ಏಳುತ್ತವೆ, ಲ್ಯಾಕ್ಟೇಟ್ ತಿಂದು ಸುಣ್ಣದ ಕಲ್ಲು ಕಟ್ಟುತ್ತವೆ. ಅರ್ಧ ಮಿಲಿಮೀಟರಿನ ಆಸುಪಾಸಿನ ಬಿರುಕು ಮುಚ್ಚಿದ್ದನ್ನು ತೋರಿಸಿದ್ದಾರೆ.

ಬ್ಯಾಕ್ಟೀರಿಯಾ ಇಲ್ಲದೆಯೂ ಇದು ಆಗುತ್ತದೆ. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಡ್ಮಿರ್ ಮಾಸಿಕ್ ತಂಡ ರೋಮನ್ನರ ಗೋಡೆಯ ಕಾಂಕ್ರೀಟನ್ನು ಪರೀಕ್ಷಿಸಿತು. ಅದರಲ್ಲಿ ಬಿಳಿ ಸುಣ್ಣದ ಹರಳುಗಳಿವೆ. ಸರಿಯಾಗಿ ಕಲಸಿಲ್ಲ, ಅದಕ್ಕೆ ಉಂಡೆ ಉಳಿದಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಇವರ ಪ್ರಕಾರ ಅವರು ಸುಟ್ಟ ಸುಣ್ಣವನ್ನು ಬಿಸಿಬಿಸಿಯಾಗಿಯೇ ಕಲಸುತ್ತಿದ್ದರು. ಬಿರುಕಿಗೆ ನೀರು ಇಳಿದರೆ ಆ ಉಂಡೆ ಕರಗಿ ಬಿರುಕನ್ನು ತುಂಬುತ್ತದೆ. ಅದೇ ರೀತಿ ಮಾಡಿದ ತುಂಡಿಗೆ ಬಿರುಕು ಬಿಡಿಸಿ ನೀರು ಹರಿಸಿದರು, ಎರಡು ವಾರದಲ್ಲಿ ನೀರು ನಿಂತಿತು. ನನಗಂತೂ ಓದಿದ ದಿನ ನಿದ್ದೆ ಬರಲಿಲ್ಲ.

ಠಾಣೆ ಸಿವಿಲ್:
ತಮ್ಮಾ, ನಿದ್ದೆ ಕೆಡುವಂಥದ್ದೇ, ಒಪ್ಪಿದೆ. ಎರಡು ಮಾತು ಕೇಳುತ್ತೇನೆ. ರೋಮನ್ನರ ಗೋಡೆಯಲ್ಲಿ ಕಬ್ಬಿಣದ ಸರಳು ಇತ್ತಾ? ಜೋಂಕರ್ಸ್ ಬ್ಯಾಕ್ಟೀರಿಯಾ ಹಾಕಿದ್ದು ಹೊಸದಾಗಿ ಕಲಸುವಾಗಲಾ, ಇಲ್ಲ ನಲವತ್ತು ವರ್ಷದ ಹಳೇ ಸ್ಲ್ಯಾಬಿನ ಕೆಳಗೆ ಮೆತ್ತುವಾಗಲಾ?

ಪುಣೆ ಪಿಎಚ್‌ಡಿ:
ಇರಲಿಲ್ಲ. ಹೊಸದಾಗಿ ಕಲಸುವಾಗ. ಆಮೇಲೆ ರಿಪೇರಿಗೆಂದೇ ಗಾರೆ ಮತ್ತು ದ್ರಾವಣ ಕೂಡ ಮಾಡಿದ್ದಾರೆ, ಅದು ಬಿರುಕು ಮುಚ್ಚಿ ನೀರು ತಡೆಯುವುದಕ್ಕೆ. ಆಗಲೇ ಒಳಗೆ ಕೂತ ಉಪ್ಪನ್ನು ಬ್ಯಾಕ್ಟೀರಿಯಾ ತೆಗೆಯುವುದಿಲ್ಲ. ತುಕ್ಕು ಒಳಗಿಂದ ದಬ್ಬುತ್ತಿದ್ದರೆ ಬಿರುಕು ಮುಚ್ಚಿದಷ್ಟೂ ಮತ್ತೆ ಬಿಡುತ್ತದೆ. ಸೂಟಿನವರು ಆ ಪುಡಿ ಯಾವುದು, ಯಾರ ಪರೀಕ್ಷೆ ಅಂತ ಹೇಳಿದರಾ ಅಕ್ಕ?

ಮಾಹಿಮ್ ಮೂರನೇ ಮಹಡಿ:
ಕೇಳಿದೆ. "ಇಂಪೋರ್ಟೆಡ್ ಫಾರ್ಮುಲಾ ಮೇಡಂ" ಅಂದರು.

ಮಡಗಾಂವ್ ಹೋಟೆಲ್:
ಮುಂಬೈಯವರ ಮಧ್ಯೆ ಗೋವೆಯವನು ಬಾಯಿ ಹಾಕುತ್ತಿದ್ದೇನೆ. ಮೂಲ ಕುಂದಾಪುರ. ಉಪ್ಪುಗಾಳಿಯ ವಿಷಯ ನಮಗೆ ಹೇಳಿಕೊಡಬೇಕಾಗಿಲ್ಲ.

1986ರ ಜುಲೈ 5ರಂದು ಪಣಜಿಯಲ್ಲಿ ಮಾಂಡವಿ ಸೇತುವೆ ಬಿತ್ತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಕಾಂಕ್ರೀಟಿನ ಒಳಗೆ ಬಿಗಿದು ಕಟ್ಟಿದ್ದ ಉಕ್ಕಿನ ತಂತಿಗಳನ್ನು ತುಕ್ಕು ತಿಂದಿತ್ತು. ಆಮೇಲೆ ವರ್ಷಗಟ್ಟಲೆ ಫೆರ್ರಿ. ತರಕಾರಿ ಲಾರಿ ಸಾಲಿನಲ್ಲಿ ನಿಂತು ಬಾಡಿದ ಕೊತ್ತಂಬರಿ ಬರುತ್ತಿತ್ತು ಅಂತ ಅಪ್ಪಯ್ಯ ಈಗಲೂ ಹೇಳುತ್ತಾರೆ.

ನನ್ನ ಸ್ವಂತ ಕಥೆ ಚಿಕ್ಕದು. ಬೀಚಿನ ಹತ್ತಿರ ನಮ್ಮದೊಂದು ಎರಡು ಮಹಡಿಯ ಲಾಡ್ಜ್ ಇದೆ. ಸಜ್ಜಾ ಉದುರಿತು. ಒಬ್ಬರನ್ನು ಕರೆಸಿ ಉದುರಿದ ಕಡೆ ಮಾತ್ರ ಚೆನ್ನಾಗಿ ಕೆತ್ತಿಸಿ, ಹೊಸ ಗಾರೆ ಮೆತ್ತಿಸಿ, ಬಣ್ಣ ಹೊಡೆಸಿದೆ. ಎರಡೇ ಮಳೆಗಾಲ. ತೇಪೆ ಹಾಕಿದ್ದು ಗಟ್ಟಿಯಾಗಿಯೇ ಇತ್ತು, ಅದರ ಪಕ್ಕದಲ್ಲಿ, ಮೊದಲು ಚೆನ್ನಾಗಿದ್ದ ಕಡೆಯೇ, ಸುತ್ತಲೂ ಬಿರುಕು! ಮಾಡಿದವರನ್ನು ಬಾಯಿಗೆ ಬಂದ ಹಾಗೆ ಬೈದೆ. ಇನ್ನೊಂದು, ಬಾಲ್ಕನಿಗೆ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಹಾಕಿಸಿದ್ದೆ. ಒಂದು ವರ್ಷಕ್ಕೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಸ್ಟೇನ್‌ಲೆಸ್ ಅಂತ ಹೆಸರಿಟ್ಟವರು ಗೋವಾಕ್ಕೆ ಬಂದಿರಲಿಕ್ಕಿಲ್ಲ.

ಮಾಟುಂಗಾದ ಹಳೇ ಕೆಮಿಸ್ಟ್:
ಶೆಟ್ರೇ, ನಿಮ್ಮ ಕಂಬಿ 304 ದರ್ಜೆಯದ್ದು ಇರಬೇಕು. ಸಮುದ್ರದ ಬಳಿ 316 ಕೇಳಬೇಕು. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುತ್ತದೆ, ಉಪ್ಪು ಗುಂಡಿ ಕೊರೆಯುವುದನ್ನು ತಡೆಯುವುದು ಅದೇ. ಅದಕ್ಕೂ ಆಗಾಗ ಸಿಹಿನೀರಿನ ಸ್ನಾನ ಬೇಕು.

ಸಜ್ಜಾದ ವಿಷಯಕ್ಕೆ ಬರುತ್ತೇನೆ. ನೀವು ಬೈದವರ ತಪ್ಪು ಅರ್ಧವೇ. ತುಕ್ಕು ಅಂದರೆ ಒಂದು ಪುಟ್ಟ ಬ್ಯಾಟರಿ. ಕೆಟ್ಟು ಹೋದ ತಾಣ ಕರಗುತ್ತಾ ಕರಗುತ್ತಾ ಅಕ್ಕಪಕ್ಕದ ಸರಳನ್ನು ತನಗೆ ಗೊತ್ತಿಲ್ಲದೇ ಕಾಪಾಡುತ್ತಿರುತ್ತದೆ. ನೀವು ಅಲ್ಲಿ ಹೊಸ ಕ್ಷಾರದ ಗಾರೆ ಹಾಕಿ ಅದನ್ನು ಗುಣ ಮಾಡಿದಿರಿ. ಈಗ ಕರಗುವ ಸರದಿ ಪಕ್ಕದ್ದು. ಅಲ್ಲಿ ಉಪ್ಪು ಮೊದಲೇ ಇತ್ತಲ್ಲ.

ಇದಕ್ಕೆ ಇರುವ ಉಪಾಯ ಈಚಿನದಲ್ಲ, ಇನ್ನೂರು ವರ್ಷ ಹಳೆಯದು. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ತಗಡು ಸವೆಯದಿರಲಿ ಅಂತ ಸತು, ಕಬ್ಬಿಣದ ತುಂಡು ಜೋಡಿಸಿದ. ಸತು ಕರಗಿತು, ತಾಮ್ರ ಉಳಿಯಿತು. ಆದರೆ ಪಾಪ, ತಾಮ್ರ ಕರಗದೇ ಇದ್ದಾಗ ವಿಷ ಇಲ್ಲ. ಹಡಗಿನ ತಳಕ್ಕೆಲ್ಲ ಚಿಪ್ಪುಜೀವಿಗಳು ಅಂಟಿಕೊಂಡು ಹಡಗು ನಿಧಾನವಾಯಿತು, ಯೋಜನೆಯನ್ನೇ ಕೈಬಿಟ್ಟರು! ಸ್ಲ್ಯಾಬಿಗೆ ಚಿಪ್ಪು ಅಂಟುವ ಭಯ ಇಲ್ಲ. ಈಗ ಸತುವಿನ ಬಿಲ್ಲೆಗಳು ಸಿಗುತ್ತವೆ, ಸುತ್ತ ವಿಶೇಷ ಗಾರೆಯ ಕವಚ ಇರುತ್ತದೆ. ಬರಿಯ ಸತು ಬೇಗ ಮಂಕಾಗಿ ಕೆಲಸ ನಿಲ್ಲಿಸುತ್ತದೆ. ಅದನ್ನು ಚುರುಕಾಗಿಡಲು ಕವಚದಲ್ಲಿ ಲಿಥಿಯಂ ಹೈಡ್ರಾಕ್ಸೈಡ್ ಥರದ ಕ್ಷಾರ ಸೇರಿಸುತ್ತಾರೆ. ಹೊಸತು ಅಂದರೆ ಆ ಕವಚದ ಕೆಮಿಸ್ಟ್ರಿ. ತೇಪೆಯ ಅಂಚಿನಲ್ಲಿ ಸರಳಿಗೆ ಕಟ್ಟಿದರೆ ಪಕ್ಕದವನ ಬದಲು ಸತು ಸಾಯುತ್ತದೆ. ಕರಗಿ ಮುಗಿಯುವ ವಸ್ತು, ಅಷ್ಟು ನೆನಪಿರಲಿ.

ಮಾಹಿಮ್ ಮೂರನೇ ಮಹಡಿ:
ಈ ಸತು ಮೂರೂ ಕೊಟೇಶನ್ನಿನಲ್ಲಿ ಇಲ್ಲ. ಸರಿ, ಫೈಬರ್ ಸರಳು ಮತ್ತು ಎಪಾಕ್ಸಿ ಸರಳಿನ ಬಗ್ಗೆಯೂ ಹೇಳಿಬಿಡಿ.

ಠಾಣೆ ಸಿವಿಲ್:
ಫೈಬರ್ ಸರಳು ಒಳ್ಳೆಯ ವಸ್ತು, ತಪ್ಪು ಜಾಗಕ್ಕೆ ಬಂದಿದೆ. ಗಾಜಿನ ಎಳೆ ಮತ್ತು ರಾಳ, ಉಪ್ಪಿಗೆ ಕ್ಯಾರೇ ಅನ್ನುವುದಿಲ್ಲ. ತೂಕ ಉಕ್ಕಿನ ಕಾಲು ಭಾಗ. ಎಳೆದರೆ ಉಕ್ಕಿಗಿಂತ ಹೆಚ್ಚು ತಡೆಯುತ್ತದೆ. ಕಾಂಪೌಂಡು, ಚರಂಡಿ, ನೆಲಕ್ಕೆ ಹಾಸುವ ಸ್ಲ್ಯಾಬು, ಇಲ್ಲೆಲ್ಲ ನಾನೇ ಹಾಕಿ ಅಂತೇನೆ. ಆದರೆ ಅದರ ಬಿಗಿತ ಉಕ್ಕಿನ ಕಾಲು ಭಾಗದ ಆಸುಪಾಸು. ಉಕ್ಕು ಲೆಕ್ಕ ಹಾಕಿದ ಜಾಗಕ್ಕೆ ಅಷ್ಟೇ ದಪ್ಪದ ಇದನ್ನು ಹಾಕಿದರೆ ಸ್ಲ್ಯಾಬು ಜೋತು ಬೀಳುತ್ತದೆ. ಉಕ್ಕು ಮುರಿಯುವ ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ, ಇದು ಹಾಗಲ್ಲ, ಫಟ್ ಅಂತ ಮುರಿಯುತ್ತದೆ. ಸೈಟಿನಲ್ಲಿ ಬಗ್ಗಿಸಲು ಬರುವುದಿಲ್ಲ. ಬೆಂಕಿ ಬಿದ್ದರೆ ರಾಳ ಮೆತ್ತಗಾಗುತ್ತದೆ, ನಿಮ್ಮದು ಅಡುಗೆಮನೆ ಬೇರೆ. ಎಲ್ಲಕ್ಕಿಂತ ದೊಡ್ಡ ಮಾತು, ಹಳೇ ಸರಳು ಒಳಗೇ ಇರುತ್ತದಲ್ಲ. ಪಕ್ಕದಲ್ಲಿ ಫೈಬರ್ ಕಟ್ಟಿದರೆ ಅದರ ತುಕ್ಕು ನಿಲ್ಲುತ್ತದಾ?

ಪುಣೆ ಪಿಎಚ್‌ಡಿ:
ಎಪಾಕ್ಸಿಗೆ ಫ್ಲಾರಿಡಾದ ಕಥೆ ಇದೆ. ಅಲ್ಲಿನ ಸೆವೆನ್ ಮೈಲ್ ಸೇತುವೆ 1982ರಲ್ಲಿ ಮುಗಿಯಿತು, ಎಪಾಕ್ಸಿ ಬಳಿದ ಸರಳು ಹಾಕಿದ್ದರು. ಕೆಲವೇ ವರ್ಷಗಳಲ್ಲಿ ತುಕ್ಕು ಕಂಡಿತು. ಸಾಗಿಸುವಾಗ, ಬಗ್ಗಿಸುವಾಗ ಗೀರಿದ ಕಡೆ ಉಪ್ಪುನೀರು ನುಗ್ಗಿ ಲೇಪದ ಅಡಿಯಲ್ಲೇ ತಿನ್ನುತ್ತಾ ಹೋಯಿತು. ನಮ್ಮ ಸೈಟುಗಳಲ್ಲಿ ಸರಳನ್ನು ಲಾರಿಯಿಂದ ಹೇಗೆ ಎಸೆಯುತ್ತಾರೆ ಅಂತ ನೋಡಿದ್ದೀರಲ್ಲ.

ಇದಕ್ಕೆ ತದ್ವಿರುದ್ಧ ಮೆಕ್ಸಿಕೋದ ಪ್ರೊಗ್ರೆಸೊ ಬಂದರಿನ ಕಟ್ಟೆ. 1940ರ ಸುಮಾರಿಗೆ ಸ್ಟೇನ್‌ಲೆಸ್ ಸರಳು ಹಾಕಿ ಕಟ್ಟಿದ್ದು ಇನ್ನೂ ನಿಂತಿದೆ. ಅದರ ಪಕ್ಕದಲ್ಲಿ ಎಷ್ಟೋ ಆಮೇಲೆ ಸಾಮಾನ್ಯ ಉಕ್ಕಿನಲ್ಲಿ ಕಟ್ಟಿದ ಕಟ್ಟೆ ಕುಸಿದು ಹೋಗಿದೆ. ತಮಾಷೆ ಅಂದರೆ ಅವರು ಹಾಕಿದ್ದು 304, ಶೆಟ್ಟರ ಕಂಬಿಯದೇ ಜಾತಿ. ಕಾಂಕ್ರೀಟಿನ ಕ್ಷಾರದೊಳಗೆ ಅದೇ ಕಲಿ.

ಮತ್ತೆ ಬೈಯಬೇಡಿ, ನನಗೆ ಇವೆಲ್ಲಕ್ಕಿಂತ ಖುಷಿ ಕೊಡುವುದು ಸರಳಲ್ಲ, ಸಿಮೆಂಟು. ಎಲ್‌ಸಿ3 ಅಂತಾರೆ. ಸ್ವಿಟ್ಜರ್ಲೆಂಡಿನ ಕ್ಯಾರೆನ್ ಸ್ಕ್ರಿವೆನರ್, ಕ್ಯೂಬಾದವರು, ದಿಲ್ಲಿ ಮತ್ತು ಮದ್ರಾಸ್ ಐಐಟಿಯವರು ಸೇರಿ ಬೆಳೆಸಿದ್ದು. ಮಾಮೂಲಿ ಸಿಮೆಂಟಿನ ಮುಖ್ಯ ಭಾಗವಾದ ಕ್ಲಿಂಕರ್ (ಕುಲುಮೆಯಲ್ಲಿ ಸುಟ್ಟ ಗಟ್ಟಿ ಉಂಡೆ) ಇದರಲ್ಲಿ ಅರ್ಧ ಮಾತ್ರ. ಉಳಿದ ಅರ್ಧಕ್ಕೆ ಒಟ್ಟಿನ 30 ಶೇಕಡಾ ಸುಟ್ಟ ಜೇಡಿ, 15 ಸುಣ್ಣದ ಕಲ್ಲು, 5 ಜಿಪ್ಸಮ್. ಕ್ಲಿಂಕರಿಗೆ 1450 ಡಿಗ್ರಿ ಬೇಕು, ಜೇಡಿಗೆ 700, 800 ಸಾಕು. ರಂಧ್ರಗಳು ಎಷ್ಟು ಕಿರಿದಾಗುತ್ತವೆ ಅಂದರೆ ಉಪ್ಪಿಗೆ ಒಳಗೆ ಬರುವುದೇ ಕಷ್ಟ. 2023ರಲ್ಲಿ ನಮ್ಮ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಇದಕ್ಕೆ ಮಾನದಂಡವನ್ನೂ ತಂದಿದೆ.

ಮಾಟುಂಗಾದ ಹಳೇ ಕೆಮಿಸ್ಟ್:
ಸುಟ್ಟ ಜೇಡಿಯಾ! ಇದು ನಮ್ಮ ಸುರ್ಕಿ ಅಲ್ಲವೇನಯ್ಯಾ? ಇಟ್ಟಿಗೆ ಪುಡಿ ಮಾಡಿ ಸುಣ್ಣಕ್ಕೆ ಬೆರೆಸುತ್ತಿದ್ದರು. ಕೆಆರ್‌ಎಸ್ ಅಣೆಕಟ್ಟೆ ಎದ್ದದ್ದೇ ಸುರ್ಕಿ ಗಾರೆಯಲ್ಲಿ. ನಮ್ಮ ಅಜ್ಜನ ಮನೆಯ ನೀರಿನ ತೊಟ್ಟಿಯೂ ಅದರದೇ.

ಪುಣೆ ಪಿಎಚ್‌ಡಿ:
ಹೌದು ಸರ್, ಅದೇ ವಂಶ. ಆದರೆ ಈಗ ಯಾವ ಜೇಡಿ, ಎಷ್ಟು ಕಾವು ಅಂತ ಅಳೆದು ಸುಡುತ್ತಾರೆ, ಸುಣ್ಣದ ಕಲ್ಲಿನ ಪುಡಿಯೂ ಕೆಲಸಕ್ಕೆ ಸೇರುತ್ತದೆ. ಒಂದು ಕೊರತೆ ಮುಚ್ಚಿಡಬಾರದು. ಒಳಗೆ ಸುಣ್ಣ ಕಡಿಮೆ ಉಳಿಯುವುದರಿಂದ ನಿಮ್ಮ ಮೊದಲನೇ ಕಳ್ಳ ಮಾಮೂಲಿ ಸಿಮೆಂಟಿಗಿಂತ ಬೇಗ ಒಳಗೆ ಬರಬಹುದು. ಎರಡನೆಯವನಿಗೆ ಗೋಡೆ, ಮೊದಲನೆಯವನಿಗೆ ಅರೆ ತೆರೆದ ಬಾಗಿಲು.

ಠಾಣೆ ಸಿವಿಲ್:
ಈಗ ಮಾತಾಡಿದೆ ನೋಡು ಎಂಜಿನಿಯರ್ ಹಾಗೆ.

ಮಾಹಿಮ್ ಮೂರನೇ ಮಹಡಿ:
ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿ ಇಲ್ಲಿಯ ಮಾತನ್ನೇ ಮರಾಠಿಗೆ ತಿರುಗಿಸಿ ಹೇಳಿದೆ. ಚೇರ್ಮನ್ ಮುಖ ಊದಿಸಿಕೊಂಡರು, ಆದರೂ ಬೇರೆಯವರಿಂದ ಪರೀಕ್ಷೆ ಮಾಡಿಸಲು ಒಪ್ಪಿದರು.

ಪಕ್ಕದ ಮನೆಯಲ್ಲಿ ಹುಡುಗರು ಕೆತ್ತಿ ಸಿಂಪಡಿಸಿದರು. ನಾವೆಲ್ಲ ಮದುವೆಯಲ್ಲಿ ಅಕ್ಷತೆ ಹಿಡಿದ ಹಾಗೆ ಕಾದು ನಿಂತಿದ್ದೆವು. ಸರಳಿನ ತನಕ ಗುಲಾಬಿಯೇ ಇಲ್ಲ, ಅದರ ಆಚೆಗೆ ಮಾತ್ರ ಚೆನ್ನಾಗಿ ಬಂತು. ಸರಳಿನ ಮೇಲಿದ್ದ ಕಾಂಕ್ರೀಟು ಬರೀ 15 ಮಿಲಿಮೀಟರ್. ಒಳಗಿನ ಸ್ಲ್ಯಾಬುಗಳಲ್ಲಿ ಉಪ್ಪು ಘನ ಮೀಟರಿಗೆ 0.3 ಕೆಜಿಯ ಹತ್ತಿರ. ಪಶ್ಚಿಮದ ಸಜ್ಜಾಗಳ ಕಥೆಯೇ ಬೇರೆ, ಸರಳಿನ ಆಳದಲ್ಲಿ 1.4! ಹಾಫ್ ಸೆಲ್ ಕೂಡ ಅಲ್ಲೇ ಮೈನಸ್ 400 ದಾಟಿದೆ, ಹೊರಗಿನಿಂದ ನೋಡಿದರೆ ಸಜ್ಜಾ ನೆಟ್ಟಗಿದೆ. ಒಂದೇ ಕಟ್ಟಡದಲ್ಲಿ ಇಬ್ಬರು ಕಳ್ಳರೂ ಇದ್ದಾರೆ ಸರ್. ಇಬ್ಬರಿಗೂ ಒಂದೇ ಔಷಧಿ ಮಾರಲು ಮೂವರು ಬಂದಿದ್ದರು.

ಠಾಣೆ ಸಿವಿಲ್:
ಅಕ್ಕ, ರಿಪೋರ್ಟ್ ಚೆನ್ನಾಗಿ ಬಂದಿದೆ. ಆಗಿನ ಕಾಲಕ್ಕೆ ಸ್ಲ್ಯಾಬಿಗೆ 15 ಮಿಲಿಮೀಟರ್ ಕವರ್ ರೂಢಿ. 2000ದ ಐಎಸ್ 456 ಕರಾವಳಿಯ ಗಾಳಿಗೆ ನೇರವಾಗಿ ಒಡ್ಡಿದ ಕಾಂಕ್ರೀಟಿಗೆ 45 ಕೇಳುತ್ತದೆ.

ಒಳಗಿನ ಸ್ಲ್ಯಾಬಿಗೆ ದುಬಾರಿ ವಸ್ತು ಬೇಡ. ಸರಳಿನ ಹಿಂದೆ ಬೆರಳು ತೂರುವಷ್ಟು ಕೆತ್ತಬೇಕು, ಹಿತ್ತಾಳೆ ಪಾತ್ರೆ ತಿಕ್ಕಿದ ಹಾಗೆ ತುಕ್ಕು ತೆಗೆಯಬೇಕು. ಸರಳು ತೆಳುವಾಗಿದ್ದರೆ ಪಕ್ಕದಲ್ಲಿ ಹೊಸ ಉಕ್ಕು ಕಟ್ಟಿ ಪಾಲಿಮರ್ ಗಾರೆ. ಮೇಲೆ ಕಾರ್ಬನ್ ಡೈಆಕ್ಸೈಡ್ ತಡೆಯುವ, ಆದರೆ ಆವಿಯನ್ನು ಹೊರಗೆ ಬಿಡುವ ಅಕ್ರಿಲಿಕ್ ಬಣ್ಣ. ಕೆತ್ತುವಾಗ ಸ್ಲ್ಯಾಬಿನ ಕೆಳಗೆ ಆಸರೆಗೆ ಜಾಕ್ ಕೊಡಿಸಿ, ಇದಕ್ಕೆ ಮಾತ್ರ ಜಿಪುಣತನ ಬೇಡವೇ ಬೇಡ. ಪಶ್ಚಿಮದ ಸಜ್ಜಾ ತೇಪೆಗೆ ಮೀರಿದ್ದು. ಒಡೆದು ಹೊಸದಾಗಿ ಎರಕ ಹಾಕಿಸಿ, ಹಳೇ ಕಾಂಕ್ರೀಟು ಸೇರುವ ಅಂಚಿಗೆ ಸತುವಿನ ಬಿಲ್ಲೆ. ಅಷ್ಟು ಸಣ್ಣ ಕೆಲಸಕ್ಕೆ ಸ್ಟೇನ್‌ಲೆಸ್ ಸರಳು ಹಾಕಿದರೂ ಒಟ್ಟು ಬಿಲ್ಲಿನಲ್ಲಿ ಗೊತ್ತಾಗುವುದಿಲ್ಲ, ರೇಟು ಕೇಳಿ ನೋಡಿ. ಮಳೆ ಶುರುವಾಗುವ ಮೊದಲು ಅಪಾಯದ ಸಜ್ಜಾ ಒಡೆಸಿಬಿಡಿ, ಎರಕ ದಸರಾ ಆದಮೇಲೆ.

ಪುಣೆ ಪಿಎಚ್‌ಡಿ:
ಹೊಸ ಸಜ್ಜಾಗೆ ಎಲ್‌ಸಿ3 ಸಿಗುತ್ತದಾ ಅಂತ ಕೇಳಿ ಅಕ್ಕ! ಉಪ್ಪಿನ ಕಡೆಗೆ ಅದೇ ಸರಿ. ಸಿಗದಿದ್ದರೆ ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ್ದು) ಆದರೂ ಆದೀತು.

ಮಡಗಾಂವ್ ಹೋಟೆಲ್:
ಸತುವಿನ ಬಿಲ್ಲೆ ಒಂದಕ್ಕೆ ಏನು ಬೆಲೆ ಅಂತ ಗೊತ್ತಾದರೆ ಇಲ್ಲಿ ಹಾಕಿ ಅಕ್ಕ. ನನಗೆ ನಲವತ್ತಾದರೂ ಬೇಕು.

ಮಾಹಿಮ್ ಮೂರನೇ ಮಹಡಿ:
ಖಂಡಿತ ಹಾಕುತ್ತೇನೆ. ಸೂಟಿನವರು ನಿನ್ನೆ ಫೋನ್ ಮಾಡಿ ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಅಂದರು. ಕ್ಲೋರೈಡ್ ಎಷ್ಟಿದ್ದರೆ ನಿಮ್ಮ ಪುಡಿ ಕೆಲಸ ಮಾಡುತ್ತದೆ ಅಂತ ಕೇಳಿದೆ. ನೆಟ್‌ವರ್ಕ್ ಹೋಯಿತು.

ಅಂದಹಾಗೆ ಸಿಂಪಡಿಸುವ ಆ ದ್ರಾವಣ ಅರ್ಧ ಬಾಟಲಿ ನನ್ನ ಹತ್ತಿರ ಉಳಿದಿದೆ. ದಾದರ್, ಮಾಟುಂಗಾ ಕಡೆಯ ಕಟ್ಟಡದವರಿಗೆ ಬೇಕಾದರೆ ಬಂದು ತೆಗೆದುಕೊಂಡು ಹೋಗಿ. ಸಂಜೆ ಏಳರ ಮೇಲೆ ಬನ್ನಿ, ಅಷ್ಟು ಹೊತ್ತಿಗೆ ನೀರು ತುಂಬಿಸುವ ಗಲಾಟೆ ಮುಗಿದಿರುತ್ತದೆ.